‘ನಂದಿನಿ’ ಹೆಸರು ಯಾರದು? ಪ್ಯಾಕೆಟ್ ಮೇಲಿನ ಪುಟ್ಟ ಗುರುತಿನ ಕಥೆ

ಹಾಲಿನ ಪ್ಯಾಕೆಟ್, ಸೋಪು, ಬೀಡಿ ಕಟ್ಟು, ಗೊಬ್ಬರದ ಚೀಲ ಯಾವುದನ್ನಾದರೂ ಕೈಗೆತ್ತಿಕೊಂಡು ನೋಡಿ. ಹೆಸರಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಗುರುತು ಇರುತ್ತದೆ. ಕೆಲವದರಲ್ಲಿ ವೃತ್ತದೊಳಗೆ ಇಂಗ್ಲಿಷಿನ ‘ಆರ್’, ಕೆಲವದರಲ್ಲಿ ‘ಟಿಎಂ’. ಬಹಳ ಜನ ಇದನ್ನು ಗುಣಮಟ್ಟದ ಮುದ್ರೆ ಅಂದುಕೊಂಡಿದ್ದಾರೆ. ಅಲ್ಲ. ಗುಣಮಟ್ಟಕ್ಕೆ ಐಎಸ್‌ಐ, ಅಗ್‌ಮಾರ್ಕ್ ಬೇರೆ ಇವೆ. ಈ ಗುರುತು ಹೇಳುವುದು ಇಷ್ಟೇ: ಈ ಹೆಸರು ತನ್ನದು ಎನ್ನುವ ಒಬ್ಬ ಒಡೆಯನಿದ್ದಾನೆ.

ಹೆಸರಿಗೂ ಒಡೆತನವೇ? ದನಕ್ಕೆ ಬರೆ ಹಾಕಿ ಗುರುತು ಮಾಡುವುದು, ಅಕ್ಕಸಾಲಿಗ ತಾನು ಮಾಡಿದ ಒಡವೆಗೆ ಮುದ್ರೆ ಒತ್ತುವುದು ಹಳೆಯ ರೂಢಿ. ಆದರೆ ಸರ್ಕಾರಿ ಪುಸ್ತಕದಲ್ಲಿ ಹೆಸರು ಬರೆಸಿ ಹಕ್ಕು ಪಡೆಯುವ ಪದ್ಧತಿಗೆ ಸುಮಾರು ನೂರೈವತ್ತು ವರ್ಷ. ಬ್ರಿಟನ್ 1875ರಲ್ಲಿ ಇದಕ್ಕೆ ಕಾನೂನು ಮಾಡಿತು. 1876ರ ಜನವರಿ 1ರಂದು ನೋಂದಣಿ ಶುರುವಾಯಿತು. ಅಲ್ಲಿ ಒಂದನೇ ನಂಬರ್ ಪಡೆದದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ.

ನಮ್ಮ ದೇಶದಲ್ಲಿ 1889ರಲ್ಲಿ ಸರಕಿನ ಗುರುತುಗಳ ಕಾನೂನು ಬಂತು. ಸುಳ್ಳು ಗುರುತು ಹಾಕಿ ಮಾರಿದವರಿಗೆ ಶಿಕ್ಷೆಯಿತ್ತು, ಆದರೆ ಹೆಸರು ಬರೆಸಲು ಪುಸ್ತಕವೇ ಇರಲಿಲ್ಲ. ‘ಈ ಹೆಸರು ನನ್ನದು’ ಎನ್ನುವವನು ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. 1940ರ ಕಾಯ್ದೆಯಿಂದ ನೋಂದಣಿ ಬಂತು. ಸ್ವಾತಂತ್ರ್ಯದ ನಂತರ 1958ರ ಕಾಯ್ದೆ ಬಂತು. ಈಗ ನಡೆಯುತ್ತಿರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಜಾರಿಯಾದದ್ದು 2003ರ ಸೆಪ್ಟೆಂಬರ್ 15ರಂದು. ಮೊದಲು ವಸ್ತುಗಳಿಗೆ ಮಾತ್ರ ಇದ್ದ ರಕ್ಷಣೆ ಆಗ ಹೋಟೆಲು, ಸಾರಿಗೆಯಂಥ ಸೇವೆಗಳಿಗೂ ಸಿಕ್ಕಿತು.

ಈ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನಮ್ಮ ರಾಜ್ಯದ್ದೇ ಒಂದು ಮೊಕದ್ದಮೆ ಇದೆ. ಹಾಲು ಉತ್ಪಾದಕರ ಮಹಾಮಂಡಳ, ಅಂದರೆ ಕೆಎಂಎಫ್, ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲಿನವರು 1989ರಿಂದ ಅದೇ ಹೆಸರಿನಲ್ಲಿ ಊಟ ಬಡಿಸುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ‘ಎಚ್’ ಮಾತ್ರ ಹೆಚ್ಚು. ಆಹಾರ ಪದಾರ್ಥಗಳಿಗೆ ಆ ಹೆಸರು ನೋಂದಾಯಿಸಲು ಹೋಟೆಲಿನವರು ಹೋದಾಗ ಕೆಎಂಎಫ್ ತಕರಾರು ತೆಗೆಯಿತು. ಜನ ಎರಡೂ ಒಂದೇ ಎಂದು ಮೋಸಹೋಗುತ್ತಾರೆ ಎನ್ನುವುದು ಅದರ ವಾದ.

ನೋಂದಣಿ ಅಧಿಕಾರಿ ಹೋಟೆಲಿನ ಪರ ಹೇಳಿದರು. ಮೇಲ್ಮನವಿ ಮಂಡಳಿ ಅದನ್ನು ರದ್ದು ಮಾಡಿತು, ಹೈಕೋರ್ಟ್ ಮಂಡಳಿಯ ಮಾತನ್ನೇ ಎತ್ತಿ ಹಿಡಿಯಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಪುರಾಣದ ಹಸುವಿನ ಹೆಸರು, ಒಬ್ಬರು ಹುಟ್ಟಿಸಿದ ಪದವಲ್ಲ. ಒಬ್ಬರ ಲಾಂಛನದಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಒಬ್ಬರದು ಹಾಲು, ಇನ್ನೊಬ್ಬರದು ಹೋಟೆಲ್ ತಿನಿಸು. ಒಂದು ವರ್ಗದಲ್ಲಿ ಒಂದೆರಡು ವಸ್ತು ಮಾರುವವರು ಆ ಇಡೀ ವರ್ಗವೇ ತಮ್ಮದು ಎನ್ನಲಾಗದು ಎಂದು ಕೋರ್ಟ್ ಹೇಳಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೋಟೆಲಿನ ನೋಂದಣಿಯಿಂದ ಹೊರಗಿಟ್ಟಿತು.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಳುತ್ತಿರುವ ಹೊಲಕ್ಕೆ ಬೇಲಿ ಹಾಕಿಕೊಳ್ಳಬಹುದು, ಊರಿನ ಗೋಮಾಳಕ್ಕೆಲ್ಲ ಹಾಕುವಂತಿಲ್ಲ. ಡೇರಿಗೆ ಹಾಲು ಹಾಕುವ ರೈತರ ದುಡಿಮೆಯಿಂದ ಬೆಳೆದ ಹೆಸರು ಹಾಲಿನ ಮಟ್ಟಿಗೆ ಭದ್ರವಾಗಿಯೇ ಉಳಿಯಿತು.

ಈಗ ಗುರುತುಗಳ ಅರ್ಥಕ್ಕೆ ಬರೋಣ. ‘ಟಿಎಂ’ ಯಾರು ಬೇಕಾದರೂ ಹಾಕಿಕೊಳ್ಳಬಹುದು. ‘ಈ ಹೆಸರು ನನ್ನದು ಎನ್ನುತ್ತಿದ್ದೇನೆ’ ಎಂದಷ್ಟೇ ಅದರ ಅರ್ಥ. ವೃತ್ತದೊಳಗಿನ ‘ಆರ್’ ಹಾಗಲ್ಲ. ನೋಂದಣಿ ಆದಮೇಲೆ ಮಾತ್ರ ಹಾಕಬೇಕು. ಅರ್ಜಿ ಹಾಕಿದ್ದೇನೆ ಎಂದರೆ ಸಾಲದು. ನೋಂದಣಿ ಇಲ್ಲದೆ ಹಾಕಿದರೆ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ದಂಡ ಬೀಳುತ್ತದೆ.

ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಅಕ್ಕಂದಿರಿಗೆ ಇದು ಗೊತ್ತಿರಬೇಕು. ಅಂದಕ್ಕಿರಲಿ ಎಂದು ಲೇಬಲ್ ಮೇಲೆ ‘ಆರ್’ ಹಾಕಿಸಿದರೆ ತಪ್ಪು ನಮ್ಮದೇ ಆಗುತ್ತದೆ. ‘ರುಚಿ ರೊಟ್ಟಿ’ ಎಂಬಂತೆ ವಸ್ತುವಿನ ಗುಣವನ್ನಷ್ಟೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಬೇರೆಯವರ ಹೆಸರಿಗೆ ಹತ್ತಿರವಿದ್ದರೂ ತಕರಾರು ಬರುತ್ತದೆ.

ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. 2017ರ ನಿಯಮದಂತೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಒಟ್ಟು 45 ವರ್ಗಗಳಿವೆ. ಅರ್ಜಿ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಣೆ ಸಲ್ಲಿಸಬಹುದು. ನೋಂದಣಿಗೆ ಹತ್ತು ವರ್ಷ ಬಾಳಿಕೆ; ನವೀಕರಿಸುತ್ತಾ ಹೋದರೆ ಹೆಸರು ನಿಮ್ಮದಾಗಿಯೇ ಇರುತ್ತದೆ.

ನೋಂದಣಿ ಇಲ್ಲದವರು ಪೂರ್ತಿ ಅನಾಥರೇನಲ್ಲ. ವರ್ಷಗಟ್ಟಲೆ ಒಂದು ಹೆಸರಿನಲ್ಲಿ ಮಾರಿ ಜನರ ನಂಬಿಕೆ ಗಳಿಸಿದ್ದರೆ, ಅದೇ ಹೆಸರಿನಲ್ಲಿ ನಕಲಿ ಮಾರುವವರ ಮೇಲೆ ಕೋರ್ಟಿಗೆ ಹೋಗಬಹುದು. ಆಗ ಹಳೆಯ ಬಿಲ್ಲು, ಲೇಬಲ್ಲು, ಸಂತೆಯ ರಸೀದಿಗಳೇ ಸಾಕ್ಷಿ. ಅವನ್ನು ಎಸೆಯಬೇಡಿ. ಹೊಸ ಹೆಸರು ಇಡುವವರು ಪ್ರಿಂಟಿಗೆ ಕೊಡುವ ಮುಂಚೆ ಟ್ರೇಡ್‌ಮಾರ್ಕ್ ನೋಂದಣಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಅದಕ್ಕೆ ದುಡ್ಡಿಲ್ಲ.