ಶರದೃತುವಿನ ಮನೆದೆವ್ವಗಳು

ಹೋದ ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ದೊಡ್ಡ ಪುಸ್ತಕದಂಗಡಿಗೆ ಹೋಗಿದ್ದೆ. ಬಾಗಿಲ ಎದುರಿನ ಮೇಜಿನ ಮೇಲೆ ಕಾಗದದ ಕುಂಬಳಕಾಯಿ, ಕಿತ್ತಳೆ ಬಣ್ಣದ ಎಲೆಗಳು, ನಡುವೆ ಇಂಗ್ಲಿಷಿನ ದೆವ್ವದ ಕಾದಂಬರಿಗಳು. ಪಕ್ಕದಲ್ಲೇ ಒಂದು ಹಳ್ಳಿ, ಒಂದು ಬೇಕರಿ, ಒಂದು ಬೆಕ್ಕು, ಒಂದು ಕೊಲೆ ಇರುವ ಬೆಚ್ಚನೆಯ ಪತ್ತೇದಾರಿಗಳು. ಕಾಲೇಜಿನ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: ಈ ಕಾಲದಲ್ಲಿ ಇಂಥದ್ದನ್ನು ಓದುವುದು ಅಮೆರಿಕದವರ ಪದ್ಧತಿ, ನಮ್ಮ ದೇಶದಲ್ಲಿ ಇದೆಲ್ಲ ಇರಲಿಲ್ಲ. ಆ ಹುಡುಗಿಯ ಮೇಲೆ ನನಗೆ ಬೇಸರವಿಲ್ಲ. ಇತ್ತು ಎಂದು ಅವಳಿಗೆ ಹೇಳಬೇಕಾದವರು ಬಂಗಾಳಿಯಿಂದ ಕನ್ನಡಕ್ಕೆ ತರುವ ಕೆಲಸದಲ್ಲಿ ತಲೆ ನರೆಸಿಕೊಂಡ ನಾವು. ನಾವು ಹೇಳಲಿಲ್ಲ.

ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ ತಲೆಯಿಲ್ಲದ ಕುದುರೆ ಸವಾರನ ಕಥೆಯನ್ನು 1820ರಲ್ಲೇ ಶರತ್ಕಾಲದ ಸುಗ್ಗಿಯ ನಡುವೆ ಇಟ್ಟ ಎನ್ನುವುದು ನಿಜ. ಆದರೆ ಇಂಗ್ಲೆಂಡಿನಲ್ಲಿ ದೆವ್ವದ ಕಥೆಗೆ ಕ್ರಿಸ್‌ಮಸ್ ಬರಬೇಕಿತ್ತು. ಡಿಕನ್ಸ್ 1843ರ ಡಿಸೆಂಬರಿನಲ್ಲಿ ತನ್ನ ಕ್ರಿಸ್‌ಮಸ್ ಕಥೆಯನ್ನು ಹೊರತಂದದ್ದು ಅದಕ್ಕೇ. ಜಪಾನಿನಲ್ಲಿ ದೆವ್ವದ ಕಥೆ ಬೇಸಿಗೆಯದು. ಒಂದೊಂದು ನಾಡಿನ ದೆವ್ವಕ್ಕೆ ಒಂದೊಂದು ಕಾಲ ಕೂಡಿಬಂದಿದೆ. ಬಂಗಾಳದ ದೆವ್ವಕ್ಕೆ ಆಶ್ವಯುಜ, ಕಾರ್ತಿಕ.

ಅದಕ್ಕೆ ಕಾರಣ ಪಂಚಾಂಗದಲ್ಲಿದೆ. ಮಹಾಲಯ ಅಮಾವಾಸ್ಯೆಯಂದು ಗಂಗೆಯಲ್ಲಿ ನಿಂತು ಸತ್ತವರಿಗೆ ತರ್ಪಣ ಬಿಡುತ್ತಾರೆ, ಮರುದಿನದಿಂದ ದೇವೀಪಕ್ಷ. ದುರ್ಗೆಯನ್ನು ಕಳಿಸಿಕೊಟ್ಟ ಮೇಲೆ ಕಾರ್ತಿಕದಲ್ಲಿ ಬಿದಿರಿನ ತುದಿಗೆ ಆಕಾಶದೀಪ ಕಟ್ಟುತ್ತಾರೆ, ಹಿರಿಯರಿಗೆ ದಾರಿ ಕಾಣಲೆಂದು. ಕಾಳೀಪೂಜೆಯ ಹಿಂದಿನ ದಿನ ಭೂತ ಚತುರ್ದಶಿ. ಅಂದು ಹದಿನಾಲ್ಕು ಬಗೆಯ ಸೊಪ್ಪು ತಿಂದು, ಹದಿನಾಲ್ಕು ತಲೆಮಾರಿನ ಹೆಸರಿನಲ್ಲಿ ಹದಿನಾಲ್ಕು ಹಣತೆ ಹಚ್ಚುತ್ತಾರೆ. ನಮ್ಮ ನರಕ ಚತುರ್ದಶಿಯೂ ಅದೇ ತಿಥಿ. ನಾವು ಎಣ್ಣೆಸ್ನಾನ ಮಾಡುವ ದಿನ ಅವರು ದೆವ್ವಗಳಿಗೆ ದೀಪ ಇಡುತ್ತಾರೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಓರೆ ಮಾಡಿ ಕಾದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸತ್ತವರು ಆ ತಿಂಗಳಲ್ಲಿ ಮನೆಗೆ ಬರುವ ನೆಂಟರು. ಹೆದರಿಕೆಯೂ ಅಕ್ಕರೆಯೂ ಒಂದೇ ಹೊಸ್ತಿಲಲ್ಲಿ ನಿಂತಿರುತ್ತವೆ.

ಈ ಹೊಸ್ತಿಲಿನ ಕಥೆಗಳು ಅಚ್ಚಿಗೆ ಬಂದ ಮೊದಲ ಹಂತವನ್ನು ಬೇಗ ದಾಟುತ್ತೇನೆ. 1883ರಲ್ಲಿ ಪಾದ್ರಿ ಲಾಲ್ ಬಿಹಾರಿ ಡೇ ಬಂಗಾಳದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು, ಅದರಲ್ಲಿ ದೆವ್ವಗಳಿವೆ. ದಕ್ಷಿಣಾರಂಜನ ಮಿತ್ರ ಮಜುಮ್ದಾರರ ಅಜ್ಜಿಕಥೆಗಳು 1907ರಲ್ಲಿ ಬಂದವು. ರವೀಂದ್ರರ ‘ಕ್ಷುಧಿತ ಪಾಷಾಣ’ ಮತ್ತು ‘ಮಣಿಹಾರಾ’ ಎಲ್ಲರಿಗೂ ಗೊತ್ತು. ಎರಡೂ ದೊಡ್ಡ ಕಥೆಗಳೇ, ಆದರೆ ಅಲ್ಲಿನ ದೆವ್ವದ ಪಕ್ಕ ಯಾರೂ ಚಾಪೆ ಹಾಸಿ ಕೂರಲಾರರು. ಚಾಪೆ ಹಾಸಿದವರು ತ್ರೈಲೋಕ್ಯನಾಥ ಮುಖೋಪಾಧ್ಯಾಯ. ಅವರ ‘ಲುಲ್ಲು’ ಕಥೆಯಲ್ಲಿ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವಂತೆ ಕತ್ತಲೆ ಹೆಪ್ಪುಗಟ್ಟಿ ದೆವ್ವವಾಗುತ್ತದೆ. ಬೆಂಗಾಲ್ ಕೆಮಿಕಲ್ಸ್‌ನಲ್ಲಿ ಕೆಲಸ ಮಾಡುತ್ತ, ನಿಘಂಟು ಕಟ್ಟುತ್ತ, ‘ಪರಶುರಾಮ’ ಎಂಬ ಹೆಸರಿನಲ್ಲಿ ಬರೆದ ರಾಜಶೇಖರ ಬಸು ಆ ದೆವ್ವಗಳಿಗೆ ಸಂಸಾರ ಕಟ್ಟಿಕೊಟ್ಟರು. ಅವರ ‘ಭೂಷಂಡೀರ ಮಾಠೆ’ ಓದಿದ ಮೇಲೆ ಸಾವಿನಾಚೆಗೂ ಗಂಡಹೆಂಡಿರ ಜಗಳ ಮುಗಿಯುವುದಿಲ್ಲ ಎಂಬುದು ಖಾತ್ರಿಯಾಗುತ್ತದೆ.

ಇವೆಲ್ಲ ಬಿಡಿ ಕಥೆಗಳು. ಅವುಗಳಿಗೆ ಒಂದು ಋತುವನ್ನೂ ಓದುಗರ ಸಮೂಹವನ್ನೂ ಕೊಟ್ಟದ್ದು ದುರ್ಗಾಪೂಜೆಯ ವಿಶೇಷಾಂಕ. ಮಕ್ಕಳಿಗಾಗಿ ‘ಪಾರ್ಬಣಿ’ ಎಂಬ ಪೂಜಾ ವಾರ್ಷಿಕ 1918ರಲ್ಲಿ ಬಂತು. ಸಂಪಾದಿಸಿದವರು ರವೀಂದ್ರರ ಅಳಿಯ ನಗೇಂದ್ರನಾಥ ಗಂಗೋಪಾಧ್ಯಾಯ. ಮುಂದೆ ಪತ್ರಿಕೆಗಳು ‘ಶಾರದೀಯ’ ಸಂಚಿಕೆ ತರತೊಡಗಿದವು, ದೇವ್ ಸಾಹಿತ್ಯ ಕುಟೀರ ವರ್ಷಕ್ಕೊಂದು ಹೆಸರಿನ ದಪ್ಪ ರಟ್ಟಿನ ವಾರ್ಷಿಕಗಳನ್ನು ತಂದಿತು. ಪ್ರೇಮೇಂದ್ರ ಮಿತ್ರರ ಗಪ್ಪು ಹೊಡೆಯುವ ಘನಾದಾ ಹುಟ್ಟಿದ್ದು 1945ರಲ್ಲಿ ಅಂಥ ಒಂದು ವಾರ್ಷಿಕದಲ್ಲಿ. ಅವರದೇ ಮೇಜೋಕರ್ತಾ ದೆವ್ವ ಬೇಟೆಗಾರ. ಹೇಮೇಂದ್ರಕುಮಾರ ರಾಯ್ ನಿಜವಾದ ಭಯವನ್ನು ಬರೆದರು. ಶರದಿಂದು ಬಂದ್ಯೋಪಾಧ್ಯಾಯರು ಒಂದು ಕೈಯಲ್ಲಿ ಪತ್ತೇದಾರ ವ್ಯೋಮಕೇಶನನ್ನೂ ಇನ್ನೊಂದು ಕೈಯಲ್ಲಿ ಮುಂಗೇರಿನ ಪ್ರೇತತಜ್ಞ ವರದಾನನ್ನೂ ಬೆಳೆಸಿ, ಒಂದು ಕಥೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರು. ತರ್ಕವೂ ದೆವ್ವವೂ ಒಂದೇ ಕೋಣೆಯಲ್ಲಿ ಚಹಾ ಕುಡಿಯುವುದು ಬಂಗಾಳಿ ಓದುಗರಿಗೆ ವಿಚಿತ್ರ ಅನಿಸಲಿಲ್ಲ.

ವಿಶೇಷಾಂಕ ಈ ಬರಹದ ರೂಪವನ್ನೇ ತಿದ್ದಿತು ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಒಂದೇ ಸಂಚಿಕೆಯಲ್ಲಿ ಹಲವು ಪೂರ್ಣ ಕಾದಂಬರಿಗಳಿರುತ್ತಿದ್ದವು. ಒಂದೊಂದೂ ರಜೆಯ ಒಂದೆರಡು ಮಧ್ಯಾಹ್ನಗಳಲ್ಲಿ ಮುಗಿಯಬೇಕು. ಮನೆಯಲ್ಲಿ ಪ್ರತಿ ಒಂದೇ, ಓದುವವರು ಆರು ಮಂದಿ: ಅಜ್ಜಿ ಮೊದಲು ಓದುತ್ತಾಳೆ, ಆಮೇಲೆ ಅಪ್ಪ, ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಮಗ. ಆರು ಮಂದಿಗೂ ಸಲ್ಲುವ ಕಥೆ ತೀರಾ ಭೀಕರವಾಗಲಾರದು, ತೀರಾ ಬಾಲಿಶವೂ ಆಗಲಾರದು.

ಇನ್ನೊಂದು ಕಾರಣ ರೈಲು. ಪೂಜೆಯ ರಜೆ ಬಂತೆಂದರೆ ಕೊಲ್ಕತ್ತಾದ ಮಧ್ಯಮವರ್ಗದವರು ಹವೆ ಬದಲಾವಣೆಗೆಂದು ‘ಪಶ್ಚಿಮ’ಕ್ಕೆ ಹೊರಡುತ್ತಿದ್ದರು. ಮಧುಪುರ, ಗಿರಿಡೀಹ್, ಶಿಮುಲ್‌ತಲಾ, ದೇವಘರ್. ಇಂದಿನ ಜಾರ್ಖಂಡ್, ಬಿಹಾರದ ಆ ಒಣ ಊರುಗಳಲ್ಲಿ ಬಂಗಾಳಿ ಶ್ರೀಮಂತರು ಕಟ್ಟಿಸಿದ ತೋಟದ ಮನೆಗಳು ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿಕೊಂಡು, ಒಬ್ಬ ಮಾಲಿಯ ಕೈಯಲ್ಲಿ ಇರುತ್ತಿದ್ದವು. ಸಂಜೆಯ ರೈಲಿಳಿದು ಬಾಡಿಗೆಯ ಅಂಥ ಮನೆಗೆ ಬಂದು ಲಾಟೀನು ಹಚ್ಚುವ ಕುಟುಂಬಕ್ಕೆ ಮೇಲಿನ ಕೋಣೆಯಲ್ಲಿ ಸದ್ದು ಕೇಳುತ್ತದೆ. ಎಷ್ಟು ಬಂಗಾಳಿ ದೆವ್ವದ ಕಥೆಗಳು ಹೀಗೆ ಶುರುವಾಗುತ್ತವೋ! ಓದುತ್ತಿದ್ದವರೂ ಅಂಥದೇ ಮನೆಯ ವರಾಂಡದಲ್ಲಿ ಕೂತು ಓದುತ್ತಿದ್ದರು ಎಂಬುದನ್ನು ಮರೆತರೆ ಈ ಪ್ರಕಾರ ಅರ್ಥವಾಗುವುದಿಲ್ಲ.

ನಾನು ಕೆಲಸದ ಮೇಲೆ ಕೊಲ್ಕತ್ತಾಗೆ ಹೋದದ್ದು 1981ರಲ್ಲಿ. ಅವು ಲೋಡ್‌ಶೆಡ್ಡಿಂಗಿನ ವರ್ಷಗಳು. ಭವಾನೀಪುರದ ನಮ್ಮ ಮೆಸ್ಸಿನಲ್ಲಿ ಸಂಜೆ ದೀಪ ಹೋಗುತ್ತಿದ್ದಂತೆ ಯಾರೋ ಲಾಟೀನು ತರುತ್ತಿದ್ದರು, ಯಾರೋ ‘ಆನಂದಮೇಳಾ’ದ ಪೂಜಾವಾರ್ಷಿಕಿ ತೆಗೆದು ಜೋರಾಗಿ ಓದುತ್ತಿದ್ದರು. ಮೀಸೆ ಬಂದ ಗುಮಾಸ್ತರು ಮಕ್ಕಳ ಪತ್ರಿಕೆ ಓದುವುದು ನನಗೆ ಮೊದಲು ಸೋಜಿಗ ಎನಿಸಿತ್ತು. ನಾನು ಬಂಗಾಳಿ ಕಲಿತದ್ದೇ ಆ ದನಿಯಿಂದ.

ಓದುತ್ತಿದ್ದುದು ಹೆಚ್ಚಾಗಿ ಶೀರ್ಷೇಂದು ಮುಖೋಪಾಧ್ಯಾಯರನ್ನು. 1935ರಲ್ಲಿ ಮೈಮನ್‌ಸಿಂಗ್‌ನಲ್ಲಿ ಹುಟ್ಟಿದ, ‘ಮಾನವಜಮೀನ್’ ಕಾದಂಬರಿಗೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಈ ಲೇಖಕ ಮಕ್ಕಳಿಗಾಗಿ ‘ಅದ್ಭುತುಡೆ’ ಎಂಬ ಕಾದಂಬರಿಮಾಲೆಯನ್ನೇ ಬರೆದರು. ‘ಗೋಸಾಯಿಬಾಗಾನೇರ್ ಭೂತ್’ ನೋಡಿ. ಬುರೂನ್ ಎಂಬ ಹುಡುಗನಿಗೆ ಗಣಿತದಲ್ಲಿ ಹದಿಮೂರು ಅಂಕ. ಮನೆಯಲ್ಲಿ ಯಾರೂ ಮಾತನಾಡಿಸುತ್ತಿಲ್ಲ. ತೋಟದಲ್ಲಿ ನಿಧಿರಾಮನೆಂಬ ದೆವ್ವ ಎದುರಾದರೆ ಹುಡುಗ ಹೆದರುವುದೇ ಇಲ್ಲ, ಅವನಿಗೆ ಅದಕ್ಕಿಂತ ದೊಡ್ಡ ದುಃಖವಿದೆ. ಹೆದರಿಸಲಾಗದ ದೆವ್ವಕ್ಕೆ ಅವಮಾನವಾಗುತ್ತದೆ. ಮಗುವಿನ ಒಂಟಿತನವನ್ನು ಇಷ್ಟು ಹಗುರವಾಗಿ, ಇಷ್ಟು ಸರಿಯಾಗಿ ಹಿಡಿದ ಆರಂಭವನ್ನು ನಾನು ಬೇರೆ ಯಾವ ಭಾಷೆಯಲ್ಲೂ ಓದಿಲ್ಲ. ಶೀರ್ಷೇಂದು ಅವರ ಊರುಗಳಲ್ಲಿ ಕಳ್ಳ, ಪೈಲ್ವಾನ, ಪುರೋಹಿತ, ಅರೆಹುಚ್ಚು ವಿಜ್ಞಾನಿ, ದೆವ್ವ ಎಲ್ಲರೂ ಒಂದೇ ಬೀದಿಯ ನಿವಾಸಿಗಳು. ದೊಡ್ಡವರಿಗೆ ಬರೆದ ‘ಗಯ್ನಾರ್ ಬಾಕ್ಸೊ’ದಲ್ಲಿ ಬಾಲವಿಧವೆಯಾಗಿ ಬದುಕು ಸವೆಸಿದ ಸೋದರತ್ತೆ ಸತ್ತ ಮೇಲೂ ತನ್ನ ಒಡವೆಪೆಟ್ಟಿಗೆಯನ್ನು ಕಾಯುತ್ತಾಳೆ, ಮನೆಗೆ ಬಂದ ಹೊಸ ಸೊಸೆಯನ್ನು ಬೆನ್ನುಬಿಡದೆ ಕಾಡುತ್ತಾಳೆ. ಅಪರ್ಣಾ ಸೇನ್ ಅದನ್ನು 2013ರಲ್ಲಿ ಚಿತ್ರ ಮಾಡಿದರು.

ಆದರೆ ಶೀರ್ಷೇಂದು ನಡೆದ ದಾರಿಯನ್ನು ಸವೆಸಿದವರು ಲೀಲಾ ಮಜುಮ್ದಾರ್, ಮತ್ತು ಅವರ ಹೆಸರು ಪ್ರತಿಸಲವೂ ಎರಡನೆಯ ಸಾಲಿಗೆ ಹೋಗುತ್ತದೆ. ‘ಸಂದೇಶ್’ ಪತ್ರಿಕೆ ಸ್ಥಾಪಿಸಿದ ಉಪೇಂದ್ರಕಿಶೋರರ ತಮ್ಮನ ಮಗಳು, ಬಾಲ್ಯ ಶಿಲ್ಲಾಂಗಿನಲ್ಲಿ, ಮೊದಲ ಕಥೆ ಆ ಪತ್ರಿಕೆಯಲ್ಲಿ; ಮುಂದೆ ಅದೇ ಪತ್ರಿಕೆಯ ಸಂಪಾದಕತ್ವವನ್ನು ಸತ್ಯಜಿತ್ ರಾಯ್ ಅವರೊಂದಿಗೆ ದಶಕಗಳ ಕಾಲ ಹೊತ್ತರು. ಅವರ ‘ಸಬ್ ಭೂತುಡೆ’ ಸಂಕಲನದ ದೆವ್ವಗಳು ಸದ್ದುಗದ್ದಲ ಮಾಡುವವಲ್ಲ. ತಾವು ಹೋದ ಮೇಲೂ ಮನೆಯನ್ನು ಬಿಡಲಾರದ ಹಳೆಯ ಆಳುಗಳು, ಮುದುಕರು, ದಿಕ್ಕಿಲ್ಲದ ಹುಡುಗನಿಗೆ ಒಂದು ರಾತ್ರಿ ಅನ್ನ ಹಾಕುವವರು. ಕಥೆ ಮುಗಿದ ಮೇಲೆ, ಅಯ್ಯೋ, ಆತ ಬದುಕಿರಲಿಲ್ಲವೆ ಎಂದು ಹೊಳೆಯುತ್ತದೆ. ಎದೆ ನಡುಗುವುದಿಲ್ಲ, ಗಂಟಲು ಕಟ್ಟುತ್ತದೆ. ಬೆಚ್ಚನೆಯ ದೆವ್ವ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅವರನ್ನು ಕುರಿತ ಮಾತು ‘ಮಕ್ಕಳ ಲೇಖಕಿ’ ಎಂಬಲ್ಲಿಗೆ ನಿಂತುಬಿಡುವುದು ಬಂಗಾಳದಲ್ಲೂ ಆಗುವ ಅನ್ಯಾಯ.

ರಾಯ್ ಅವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. 1970ರಿಂದ ಪತ್ತೇದಾರ ಫೆಲೂದಾನ ಕಾದಂಬರಿಗಳು ಶಾರದೀಯ ‘ದೇಶ್’ನಲ್ಲಿ ಬರತೊಡಗಿದ ಮೇಲೆ ಪೂಜೆಯ ಓದಿಗೆ ಹೊಸ ಕಾವು ಬಂತು, ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದ ಸುತ್ತ ಬೆಳೆಯುವ ‘ಗೋರಸ್ಥಾನೇ ಸಾವಧಾನ್’ ಇಂದಿಗೂ ಮಳೆ ಬಿದ್ದ ಮಣ್ಣಿನ ವಾಸನೆ ಕೊಡುತ್ತದೆ. ನಮಗೆ ನೆನಪಿರಬೇಕಾದದ್ದು ಇನ್ನೊಂದು. ಅವರ 1969ರ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಚಿತ್ರದ ದೆವ್ವಗಳ ಕುಣಿತಕ್ಕೆ ನುಡಿಯುವುದು ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ಬಂಗಾಳದ ದೆವ್ವಗಳು ನಮ್ಮ ತಾಳವಾದ್ಯಕ್ಕೆ ಹೆಜ್ಜೆ ಹಾಕಿವೆ.

ಆಮೇಲಿನದು ಬೇರೆಯ ಕಾಲ. 2012ರ ‘ಭೂತೇರ್ ಭವಿಷ್ಯತ್’ ಚಿತ್ರದಲ್ಲಿ ಅನೀಕ್ ದತ್ತ ದೆವ್ವಗಳೇ ಮನೆ ಕಳೆದುಕೊಳ್ಳುವುದನ್ನು ತೋರಿಸಿದರು. ಹಳೆಯ ಮನೆ ಕೆಡವಿ ಫ್ಲ್ಯಾಟ್ ಏಳುವ ನಗರದಲ್ಲಿ ಮನೆದೆವ್ವ ಎಲ್ಲಿರಬೇಕು? ಎಫ್‌ಎಂ ರೇಡಿಯೋದ ‘ಸಂಡೇ ಸಸ್ಪೆನ್ಸ್’ ವಿಭೂತಿಭೂಷಣರ ತಾರಾನಾಥ ತಾಂತ್ರಿಕನನ್ನು ಹೊಸ ತಲೆಮಾರಿನ ಕಿವಿಗೆ ಮುಟ್ಟಿಸಿತು. ಅದರ ಬೆನ್ನಿಗೆ ಶವಸಾಧನೆ, ತಲೆಬುರುಡೆಗಳ ಕಾದಂಬರಿಗಳ ದೊಡ್ಡ ಸಾಲೇ ಬಂತು. ಮಾರಾಟ ಚೆನ್ನಾಗಿದೆ. ಅಜ್ಜಿ ಮೊದಲು ಓದಿ ಮೊಮ್ಮಗನಿಗೆ ದಾಟಿಸುವ ಪುಸ್ತಕಗಳಲ್ಲ ಅವು.

ಈ ಕ್ಷೇತ್ರದ ಚರಿತ್ರೆಗಳಲ್ಲಿ ಢಾಕಾ ಕಾಣಿಸುವುದೇ ಅಪರೂಪ. ಅಲ್ಲಿ ಪೂಜೆಯ ಸಂಚಿಕೆಯ ಜಾಗದಲ್ಲಿ ಈದ್ ಸಂಚಿಕೆ ಇದೆ, 1985ರ ‘ದೇವಿ’ಯಿಂದ ಶುರುವಾದ ವಿಚಿತ್ರ ಪ್ರಸಂಗಗಳನ್ನು ತರ್ಕದಿಂದ ಬಿಡಿಸುವ, ಹುಮಾಯೂನ್ ಅಹ್ಮದರ ಮಿಸಿರ್ ಅಲಿ ಇದ್ದಾನೆ. ಕೊಲ್ಕತ್ತಾದಲ್ಲೇ ಸೈಯದ್ ಮುಸ್ತಫಾ ಸಿರಾಜ್ ಎಷ್ಟೊಂದು ದೆವ್ವದ ಕಥೆ ಬರೆದರು. ಇನ್ನು ಕನ್ನಡ. ಬಿ. ವೆಂಕಟಾಚಾರ್ಯರು ಬಂಕಿಮರನ್ನು ತಂದ ಕಾಲದಿಂದ ನಾವು ಬಂಗಾಳದಿಂದ ದೇಶಭಕ್ತಿ ತಂದೆವು, ಶರಚ್ಚಂದ್ರರ ಕಣ್ಣೀರು ತಂದೆವು, ಬರಗಾಲ, ಬಂಡಾಯ ತಂದೆವು. ನಗುವ ದೆವ್ವವನ್ನು ಗಡಿಯಲ್ಲೇ ನಿಲ್ಲಿಸಿದೆವು. ಲೀಲಾ ಮಜುಮ್ದಾರರ ಕಥೆಯೊಂದನ್ನು ನಾನು ಒಂದು ದೀಪಾವಳಿ ವಿಶೇಷಾಂಕಕ್ಕೆ ಕಳಿಸಿದಾಗ, ಚೆನ್ನಾಗಿದೆ, ಮಕ್ಕಳ ಪುಟಕ್ಕೆ ಕೊಡಿ ಎಂಬ ಉತ್ತರ ಬಂತು. ಮಕ್ಕಳ ಪುಟದವರು ದೆವ್ವ ಬೇಡ ಎಂದರು.

ಕೆಲಸ ಸುಲಭವಲ್ಲ, ನಿಜ. ‘ಭೂತ್’ ಅನ್ನು ಭೂತ ಎಂದರೆ ದಕ್ಷಿಣ ಕನ್ನಡದ ಓದುಗರು ಕೈಮುಗಿದಾರು; ಅಲ್ಲಿ ಅದು ನೇಮ ಕೊಡುವ ದೈವ. ಬಿಲ್ವದ ಮರದ ಬ್ರಹ್ಮದೈತ್ಯನಿಗೆ ನಮ್ಮ ಬ್ರಹ್ಮರಾಕ್ಷಸ ಸಲ್ಲುತ್ತಾನೆ, ಜೌಗಿನ ಮೇಲೆ ಅಲೆಯುವ ಆಲೇಯಾಗೆ ಕೊಳ್ಳಿದೆವ್ವ ಇದೆ. ಮೀನಿನ ಬುಟ್ಟಿಯ ಹಿಂದೆ ಬರುವ ಮೇಛೋ ಭೂತ್ ಕರಾವಳಿಯವರಿಗೆ ಹೇಳದೆಯೂ ಗೊತ್ತಾಗುತ್ತದೆ. ಕೈಗೆ ಶಂಖದ ಬಳೆ ತೊಟ್ಟು ಇನ್ನೂ ಸಂಸಾರದ ಆಸೆ ಬಿಡದ ಶಾಂಕ್‌ಚುನ್ನಿಗೆ ಮಾತ್ರ ‘ಮುತ್ತೈದೆ ದೆವ್ವ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಹೆಚ್ಚು ಕಾಡುತ್ತಿರುವುದು ನಿಶಿ. ನಡುರಾತ್ರಿ ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಎರಡು ಸಲಕ್ಕಿಂತ ಹೆಚ್ಚು ಕೂಗಲಾರದು. ಮೂರನೆಯ ಕೂಗು ಬರುವವರೆಗೆ ಬಂಗಾಳಿಗಳು ಓಗೊಡುವುದಿಲ್ಲ. ಅದೇ ದನಿಗೆ ಹೆದರಿ ನಾವು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರು. ನನ್ನ ಹಸ್ತಪ್ರತಿಯ ನಲವತ್ತೊಂದನೆಯ ಪುಟದಲ್ಲಿ ಆ ಶಬ್ದದ ಜಾಗ ಇನ್ನೂ ಖಾಲಿಯಿದೆ.