ದುಡ್ಡಿದ್ದವರ ಲೈಕು

2016ರ ಜುಲೈ 4ರಂದು ಸ್ಟೀಮಿಟ್ ಎಂಬ ಹೊಸ ಸೋಶಿಯಲ್ ಮೀಡಿಯಾ ತಾಣ ತನ್ನಲ್ಲಿ ಬರೆದವರಿಗೆ ಮೊದಲ ಸಲ ಸಂಭಾವನೆ ಹಂಚಿತು. ಅದು ಜಾಹೀರಾತಿನ ದುಡ್ಡಲ್ಲ, ಚಂದಾದಾರರ ದುಡ್ಡೂ ಅಲ್ಲ. ಅದರ ಬೆನ್ನಿಗಿದ್ದ ಸ್ಟೀಮ್ ಎಂಬ ಬ್ಲಾಕ್‌ಚೈನ್ ದಿನಾ ಹೊಸ ನಾಣ್ಯ ಹುಟ್ಟಿಸುತ್ತಿತ್ತು. ಅದರಲ್ಲೊಂದು ಭಾಗ ಹುಂಡಿಗೆ ಬೀಳುತ್ತಿತ್ತು. ಯಾವ ಬರಹಕ್ಕೆ ಎಷ್ಟು ಮತ ಬಿತ್ತು ಅನ್ನೋ ಲೆಕ್ಕದಲ್ಲಿ ಹುಂಡಿ ಹಂಚಿಕೆಯಾಗುತ್ತಿತ್ತು. ಅದೇ ತಿಂಗಳು ನಾಣ್ಯದ ಬೆಲೆ ನಾಲ್ಕು ಡಾಲರ್ ಆಸುಪಾಸಿಗೆ ಏರಿತು. ಒಂದೊಂದು ಪೋಸ್ಟಿಗೆ ಸಾವಿರಾರು ಡಾಲರ್ ಬಂತು ಅಂತ ಸುದ್ದಿಯೋ ಸುದ್ದಿ. ಫೇಸ್‌ಬುಕ್‌ಗೆ ಬಿಟ್ಟಿ ದುಡಿಯುತ್ತಿದ್ದವರಿಗೆ ಇದಕ್ಕಿಂತ ನ್ಯಾಯದ ಮಾತು ಇನ್ನೇನಿದ್ದೀತು?

ಮತ ಅಂದೆನಲ್ಲ, ಕಥೆ ಇರೋದು ಅಲ್ಲೇ. ಒಬ್ಬರಿಗೆ ಒಂದು ಮತ ಅಂತಿಟ್ಟರೆ ಒಬ್ಬನೇ ನೂರು ಸುಳ್ಳು ಖಾತೆ ತೆರೆದು ತನಗೆ ತಾನೇ ಲೈಕ್ ಒತ್ತಿಕೊಳ್ಳುತ್ತಾನೆ. ಹಾಗಾಗಿ ಸ್ಟೀಮ್ ಕಟ್ಟಿದ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಮತಕ್ಕೆ ತೂಕ ಕೊಟ್ಟರು. ಯಾರು ಎಷ್ಟು ನಾಣ್ಯವನ್ನು ಬೀಗ ಹಾಕಿ ಇಟ್ಟಿದ್ದಾರೋ ಅವರ ಲೈಕಿಗೆ ಅಷ್ಟು ತೂಕ. ಹೀಗೆ ಬೀಗ ಹಾಕಿದ್ದಕ್ಕೆ ಸ್ಟೀಮ್ ಪವರ್ ಅಂತ ಹೆಸರು. ಬಿಡಿಸಿಕೊಳ್ಳಬೇಕಾದರೆ ಆರಂಭದಲ್ಲಿ ಎರಡು ವರ್ಷ, ವಾರವಾರವೂ ಸ್ವಲ್ಪ ಸ್ವಲ್ಪ. ಈಸಾಪ್ ವೆಸ್ಟಿಂಗ್‌ಗೆ ಕಾದವರಿಗೆ ಈ ಹಿಂಸೆ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್ ಕಣ್ಣ ಮುಂದೆ ತಂದುಕೊಳ್ಳಿ. ಎಷ್ಟು ಫ್ಲ್ಯಾಟಿದೆಯೋ ಅಷ್ಟು ಮತ. ಸರಿ, ಒಪ್ಪೋಣ. ಆದರೆ ಸ್ಟೀಮ್‌ನ ಮೊದಲ ಸೂತ್ರ ಅಲ್ಲಿಗೂ ನಿಲ್ಲಲಿಲ್ಲ. ಪೋಸ್ಟಿಗೆ ಬಿದ್ದ ಮತದ ವರ್ಗದ ಲೆಕ್ಕದಲ್ಲಿ ಹಣ ಹಂಚಿತು. ಹತ್ತು ಪಟ್ಟು ಮತ ಬಿದ್ದ ಬರಹಕ್ಕೆ ನೂರು ಪಟ್ಟು ಹಣ. ಹತ್ತು ಫ್ಲ್ಯಾಟಿನ ಯಜಮಾನ ಕೈ ಎತ್ತಿದರೆ ನೂರು ಕೈ ಎತ್ತಿದಂತೆ.

ಹಾಗಾದರೆ ಅಷ್ಟೊಂದು ಫ್ಲ್ಯಾಟು ಯಾರ ಹತ್ತಿರ ಇತ್ತು? ಬಿಲ್ಡರ್ ಹತ್ತಿರ. 2016ರ ಮಾರ್ಚಿನಲ್ಲಿ ಚೈನ್ ಶುರುವಾದಾಗ, ಹೊರಗಿನವರಿಗೆ ತಲೆಬುಡ ತಿಳಿಯೋದರೊಳಗೆ, ಸ್ಟೀಮಿಟ್ ಕಂಪನಿ ತಾನೇ ಮೈನಿಂಗ್ ಮಾಡಿ ಆರಂಭದ ನಾಣ್ಯಗಳಲ್ಲಿ ಸುಮಾರು 80 ಶೇಕಡಾ ಕೈಗೆ ಹಾಕಿಕೊಂಡಿತ್ತು. ಇದಕ್ಕೆ ಆಮೇಲೆ ನಿಂಜಾ ಮೈನಿಂಗ್ ಅಂತ ಹೆಸರು ಬಿತ್ತು. ಈ ಪಾಲನ್ನು ತಾಣ ಬೆಳೆಸೋಕೆ, ಹೊಸಬರನ್ನು ಕರೆತರೋಕೆ ಬಳಸುತ್ತೇವೆ, ಆಡಳಿತದ ಮತದಾನದಲ್ಲಿ ತಲೆ ಹಾಕೋದಿಲ್ಲ ಅಂತ ಕಂಪನಿ ಮಾತು ಕೊಟ್ಟಿತು. ಮಾತು ಅಷ್ಟೇ, ಕೋಡಿನಲ್ಲಿ ಅದು ಎಲ್ಲೂ ಇರಲಿಲ್ಲ.

ಅವರ ವೈಟ್‌ಪೇಪರ್ ಓದಿದರೆ ಎರಡು ಕಡೆ ನಗು ಬರುತ್ತೆ. ಒಂದು, ಇಡೀ ಹಂಚಿಕೆ ಲಾಟರಿಯ ಹಾಗೆ ಕೆಲಸ ಮಾಡುತ್ತೆ, ಜನ ತಮಗೆ ಮತ ಬೀಳುವ ಸಾಧ್ಯತೆಯನ್ನು ಹೆಚ್ಚಾಗಿ ಅಂದಾಜು ಮಾಡಿಕೊಂಡು ಸಿಗೋ ಹಣಕ್ಕಿಂತ ಜಾಸ್ತಿ ದುಡಿಯುತ್ತಾರೆ ಅಂತ ಅವರೇ ಬರೆದುಕೊಂಡಿದ್ದಾರೆ. ಅದೂ ಗುಣವೆಂಬಂತೆ! ಇನ್ನೊಂದು, ಯಾರಾದರೂ ದುರುಪಯೋಗ ಮಾಡಿದರೆ ಉಳಿದವರು ಸುಮ್ಮನಿರಲ್ಲ ಅನ್ನೋದಕ್ಕೆ ಬುಟ್ಟಿಯೊಳಗಿನ ಏಡಿಗಳ ಉದಾಹರಣೆ. ಮೇಲೆ ಹತ್ತೋ ಏಡಿಯನ್ನು ಬೇರೆ ಏಡಿಗಳು ಕೆಳಗೆಳೆಯೋ ಅದೇ ಕಥೆ, ನಾವು ನಮ್ಮವರ ಮೇಲೇ ಹೇಳಿಕೊಂಡು ನಗೋದು. ಅವರ ಪ್ರಕಾರ ಅದು ಸೆಕ್ಯುರಿಟಿ ಗಾರ್ಡ್. ಆದರೆ ಕೆಳಗೆಳೆಯೋಕೂ ತೂಕ ಬೇಕಲ್ಲ? ಸಣ್ಣ ಏಡಿಗಳು ಎಷ್ಟು ಜಗ್ಗಿದರೂ ತಿಮಿಂಗಿಲ ಅಲುಗುವುದಿಲ್ಲ. ದೊಡ್ಡ ಖಾತೆಗಳನ್ನು ಅಲ್ಲಿ ಕರೆಯುತ್ತಿದ್ದದ್ದೂ ತಿಮಿಂಗಿಲ ಅಂತಲೇ.

ಲಾಟರಿ ಟಿಕೆಟ್ ಕೊಳ್ಳುವವರು ನಾಲ್ಕು ವಾರ ಬಂದು ಐದನೇ ವಾರ ಬರುವುದಿಲ್ಲ. ರಾತ್ರಿಯಿಡೀ ಕೂತು ಬರೆದವನ ಪೋಸ್ಟಿನ ಕೆಳಗೆ ಮೂರು ಸೆಂಟ್, ತಿಮಿಂಗಿಲದ ಗೆಳೆಯ ಹಾಕಿದ ಫೋಟೋ ಕೆಳಗೆ ಮುನ್ನೂರು ಡಾಲರ್ ಅಂದರೆ ಯಾರು ನಿಲ್ತಾರೆ? ಬೇರೆ ತಾಣಗಳಲ್ಲಿ ಲೈಕ್ ಕಮ್ಮಿ ಬಂದರೆ ಬೇಜಾರಷ್ಟೇ ಆಗುತ್ತೆ. ಇಲ್ಲಿ ಅದು ಸಂಬಳದ ಚೀಟಿ, ಪಕ್ಕದವನ ಚೀಟಿಯೂ ಬಹಿರಂಗ. ಆಫೀಸಿನಲ್ಲಿ ಎಲ್ಲರ ಹೈಕ್ ನೋಟಿಸ್ ಬೋರ್ಡಿಗೆ ಅಂಟಿಸಿದರೆ ಎಷ್ಟು ಜನ ಉಳೀತಾರೆ, ನೀವೇ ಹೇಳಿ.

ಸೂತ್ರ ತಿದ್ದೋ ಪ್ರಯತ್ನ ಆಗಲಿಲ್ಲ ಅಂತಲ್ಲ. 2016ರ ಡಿಸೆಂಬರಿನಲ್ಲಿ ಎರಡು ವರ್ಷದ ಬೀಗ 13 ವಾರಕ್ಕೆ ಇಳಿಯಿತು. 2017ರ ಜೂನ್‌ನಲ್ಲಿ ವರ್ಗದ ಲೆಕ್ಕ ಹೋಗಿ ನೇರ ಲೆಕ್ಕ ಬಂತು. ಹತ್ತು ಪಟ್ಟು ಮತಕ್ಕೆ ಹತ್ತೇ ಪಟ್ಟು ಹಣ. ಚಿಕ್ಕವರ ಲೈಕಿಗೂ ಒಂದಿಷ್ಟು ಬೆಲೆ ಬಂತು, ನಿಜ. ಆದರೆ ಬೆಲೆ ಗೊತ್ತಾದ ವಸ್ತು ಮಾರಾಟಕ್ಕೂ ಬರುತ್ತೆ. ನನ್ನ ಒಂದು ಲೈಕಿಗೆ ಇಷ್ಟು ಸೆಂಟ್ ಅಂತ ಲೆಕ್ಕ ಸಿಕ್ಕ ಕೂಡಲೇ ಮತ ಮಾರುವ ಬಾಟ್‌ಗಳು ಹುಟ್ಟಿಕೊಂಡವು. ದುಡ್ಡು ಕಳಿಸಿದರೆ ಬಾಟ್ ಬಂದು ಲೈಕ್ ಒತ್ತಿ ಹೋಗುತ್ತೆ. ತಿಮಿಂಗಿಲಗಳು ಓದೋ ಗೋಜಿಗೇ ಹೋಗದೆ ತಮ್ಮ ಪವರನ್ನು ಬಾಟ್‌ಗೆ ಬಾಡಿಗೆಗೆ ಕೊಟ್ಟು ದಿನಾ ಬಾಡಿಗೆ ಎಣಿಸಿಕೊಂಡವು. 2018ರ ಹೊತ್ತಿಗೆ ಟ್ರೆಂಡಿಂಗ್ ಪುಟ ಬಾಡಿಗೆ ಹೋರ್ಡಿಂಗ್ ಆಗಿತ್ತು. ಒಳ್ಳೇದನ್ನು ಹುಡುಕಿ ಓದುವವನಿಗೆ ಅಲ್ಲಿ ಏನೂ ಉಳಿದಿರಲಿಲ್ಲ.

ಆ ಹೊತ್ತಿಗೆ ಲಾರಿಮರ್ ಬಿಟ್ಟು ಹೋಗಿ ಇಒಎಸ್ ಕಟ್ಟುತ್ತಿದ್ದ. ನಾಣ್ಯದ ಬೆಲೆ ಡಾಲರಿಗಿಂತ ಕೆಳಗೆ ಬಿತ್ತು, 2018ರ ನವೆಂಬರಿನಲ್ಲಿ ಕಂಪನಿ ಶೇಕಡಾ 70ರಷ್ಟು ಸಿಬ್ಬಂದಿಯನ್ನು ಮನೆಗೆ ಕಳಿಸಿತು. 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಸೂತ್ರ ಬದಲು: ಮತ ಹಾಕಿದವರಿಗೆ ಇದ್ದ ಕಾಲು ಪಾಲು ಅರ್ಧಕ್ಕೆ ಏರಿತು, ಬರೆದವರ ಪಾಲು ಮುಕ್ಕಾಲಿನಿಂದ ಅರ್ಧಕ್ಕೆ ಇಳಿಯಿತು. ಬಾಟ್‌ಗಳ ಕಾಟ ಇದರಿಂದ ತಗ್ಗಿತು. ಆದರೆ ನನಗೆ ಕಾಣೋದು ಇಷ್ಟು: ಮೂರು ವರ್ಷ ಎಲ್ಲರೂ ಮತ ಎಣಿಸೋ ರೀತಿಯನ್ನೇ ತಿದ್ದಿದರು, ಫ್ಲ್ಯಾಟುಗಳು ಯಾರ ಹೆಸರಲ್ಲಿವೆ ಅನ್ನೋದನ್ನು ಯಾರೂ ಮುಟ್ಟಲಿಲ್ಲ.

ಕೊನೆಗೆ ಬಿಲ್ಡರೇ ಮಾರಿದ. 2020ರ ಫೆಬ್ರವರಿ 14ರಂದು ಸ್ಟೀಮಿಟ್ ಕಂಪನಿ ಟ್ರಾನ್ ಸ್ಥಾಪಕ ಜಸ್ಟಿನ್ ಸನ್ ಕೈ ಸೇರಿತು, ಆ ನಿಂಜಾ ನಾಣ್ಯಗಳ ಸಮೇತ. ಚೈನ್ ನಡೆಸುತ್ತಿದ್ದ, ಮತದಿಂದ ಆರಿಸಿಬಂದ ವಿಟ್ನೆಸ್‌ಗಳು ಗಾಬರಿಯಾಗಿ ಹತ್ತು ದಿನದಲ್ಲೇ ಆ ನಾಣ್ಯಗಳಿಗೆ ಮತದ ಹಕ್ಕಿಲ್ಲದಂತೆ ಕೋಡ್ ಬದಲಿಸಿದರು. ಮಾರ್ಚ್ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಕ್ಸ್‌ಚೇಂಜ್‌ಗಳು ತಮ್ಮಲ್ಲಿ ಗ್ರಾಹಕರು ಇಟ್ಟಿದ್ದ ನಾಣ್ಯಗಳಿಗೆ ಬೀಗ ಹಾಕಿ ಸನ್ ಪರವಾಗಿ ಮತ ಹಾಕಿದವು. ಮೊದಲ ಇಪ್ಪತ್ತು ಸ್ಥಾನಗಳಲ್ಲಿದ್ದ ವಿಟ್ನೆಸ್‌ಗಳೆಲ್ಲ ಔಟ್. ಇದು ಮಾಮೂಲಿ ಅಪ್‌ಗ್ರೇಡ್ ಅಂದುಕೊಂಡಿದ್ದೆವು ಅಂತ ಬೈನಾನ್ಸ್ ಆಮೇಲೆ ಮತ ಹಿಂಪಡೆಯಿತು. (ಇದಾದ ಎರಡೇ ದಿನಕ್ಕೆ, ಮಾರ್ಚ್ 4ರಂದು, ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬಾರದೆಂಬ ಆರ್‌ಬಿಐ ಸುತ್ತೋಲೆಯನ್ನು ನಮ್ಮ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಾಣ್ಯವನ್ನು ರೂಪಾಯಿ ಮಾಡಿಕೊಳ್ಳೋ ದಾರಿ ಇಲ್ಲಿನವರಿಗೆ ತೆರೆದದ್ದೂ ಎಂಥ ವಾರದಲ್ಲಿ ನೋಡಿ.)

ಮಾರ್ಚ್ 20ಕ್ಕೆ ಹಳೆಯ ನಿವಾಸಿಗಳು ಅಪಾರ್ಟ್‌ಮೆಂಟನ್ನೇ ನಕಲು ಮಾಡಿಕೊಂಡು ಹೊರಟರು. ಹೈವ್ ಎಂಬ ಹೊಸ ಚೈನ್. ಖಾತೆಗಳು, ಪೋಸ್ಟುಗಳು, ಬಾಕಿಗಳು ಎಲ್ಲ ಹಾಗೇ. ಸ್ಟೀಮಿಟ್ ಕಂಪನಿಯ ಪಾಲು ಮಾತ್ರ ಇಲ್ಲ. ನಾಲ್ಕು ವರ್ಷ ಸೂತ್ರ ತಿದ್ದಿ ಆಗದ್ದು ಒಂದು ದಿನದಲ್ಲಾಯಿತು. ಆದರೆ ಸನ್ ಕಡೆಯ ವಿಟ್ನೆಸ್‌ಗಳಿಗೆ ಮತ ಹಾಕಿದ್ದ ಕೆಲವು ಸಾಮಾನ್ಯ ಖಾತೆಗಳನ್ನೂ ಹೊಸ ನಾಣ್ಯದ ಪಟ್ಟಿಯಿಂದ ಹೊಡೆದುಹಾಕಿದ್ದರು. ತಪ್ಪಾದ ಕಡೆ ಕೈ ಎತ್ತಿದ್ದಕ್ಕೆ ಫ್ಲ್ಯಾಟೇ ಹೋಯಿತು. ಅವರಲ್ಲಿ ಕೆಲವರಿಗೆ ಮತ ಹಾಕಿಸಿ ನಾಣ್ಯ ವಾಪಸು ಕೊಡಬೇಕಾಗಿ ಬಂತು. ಅತ್ತ ಮೇ 20ರಂದು ಸ್ಟೀಮ್‌ನವರು ತಮ್ಮ ವಿರೋಧಿಗಳ 64 ಖಾತೆಗಳಿಂದ 2 ಕೋಟಿ 36 ಲಕ್ಷ ನಾಣ್ಯ ಕಿತ್ತುಕೊಂಡರು. ಯಾರೂ ಕಿತ್ತುಕೊಳ್ಳಲಾಗದ ಆಸ್ತಿ ಅಂತ ಬ್ಲಾಕ್‌ಚೈನ್ ಬಗ್ಗೆ ಹೇಳಿದ್ದನ್ನು ಎರಡೂ ಬಣ ಎರಡೇ ತಿಂಗಳಲ್ಲಿ ಸುಳ್ಳು ಮಾಡಿದ್ದವು.

ಆ ಮಾರ್ಚಿಗೆ ಮುಂಚೆ ಬರೆದ ಪೋಸ್ಟುಗಳು ಎರಡೂ ಚೈನ್‌ಗಳಲ್ಲಿ ದಾಖಲಾಗಿವೆ. ಅದೇ ಹೆಸರು, ಅದೇ ಬರಹ, ಬಿಟ್ಟು ಹೋದವರದ್ದೂ ಸೇರಿ.