ಓಲಿಯಂ

ಲ್ಯಾಟಿನ್‌ನಲ್ಲಿ ಓಲಿಯಂ ಎಂದರೆ ಎಣ್ಣೆ. ಅದರ ಮೂಲ ಆಲಿವ್ ಎಣ್ಣೆಗಿದ್ದ ಗ್ರೀಕ್ ಹೆಸರು. ರಸಾಯನಶಾಸ್ತ್ರದ ಓಲಿಯಂ ಒಗ್ಗರಣೆಗೆ ಬರುವಂಥದ್ದಲ್ಲ: ಗಂಧಕಾಮ್ಲದಲ್ಲಿ ಸಲ್ಫರ್ ಟ್ರೈಆಕ್ಸೈಡ್ ಕರಗಿಸಿದ, ಎಣ್ಣೆಯಂತೆ ಮಂದವಾದ ದ್ರವ. ಟಿಎನ್‌ಟಿಯಂಥ ಸಿಡಿಮದ್ದಿನ ತಯಾರಿಕೆಗೂ ಬೇಕು. ಗಾಳಿಯ ತೇವ ತಾಗಿದರೆ ಸಾಕು, ಆಮ್ಲದ ಬಿಳಿ ಮಂಜು ಏಳುತ್ತದೆ.

ಈ ಪದ ಪ್ರಯೋಗಾಲಯದಿಂದ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 1985ರ ಡಿಸೆಂಬರ್ 4ರ ಸೋರಿಕೆಯಿಂದ. ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಟ್ಯಾಂಕ್ ಒಡೆದು ಅನಿಲ ಊರೊಳಗೆ ಹರಡಿತು. ಎರಡು ದಿನಕ್ಕೆ ಮತ್ತೊಂದು ಸಣ್ಣ ಸೋರಿಕೆ. ಭೋಪಾಲ್ ಅನಿಲ ದುರಂತಕ್ಕೆ ಆಗಷ್ಟೇ ವರ್ಷ ತುಂಬಿತ್ತು, ದಿಗಿಲಾಗದೆ ಇದ್ದೀತೆ? ದೆಹಲಿಯ ತೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಶ್ರೀರಾಮ್ ಸೋರಿಕೆಯಿಂದ ಸತ್ತರೆಂದು ಅರ್ಜಿದಾರ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ತಿಳಿಸಿದರು. 1986ರ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಅಪಾಯಕಾರಿ ಉದ್ದಿಮೆ ನಡೆಸುವವರಿಗೆ ಯಾವ ವಿನಾಯಿತಿಯೂ ಇಲ್ಲದ ಸಂಪೂರ್ಣ ಹೊಣೆ ಹೊರಿಸಿತು. ಎಷ್ಟು ದೊಡ್ಡ ಉದ್ದಿಮೆಯೋ ಪರಿಹಾರವೂ ಅಷ್ಟು ದೊಡ್ಡದಿರಬೇಕು ಎಂದಿತು. ನನಗೆ ತೀರ್ಪಿನ ಅತಿ ಗಟ್ಟಿ ಮಾತು ಇದೇ.

ಓಲಿಯಂ ಅನ್ನು ಧೂಮ ಕಾರುವ ಗಂಧಕಾಮ್ಲ ಎಂದು ಕನ್ನಡದಲ್ಲಿ ವಿವರಿಸಬಹುದು. ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಅದು ‘ಓಲಿಯಂ ಕೇಸು’.